ಬಿಳಿಗೆರೆಯ ಅಂತಃಪುರ

12 ಜನವರಿ 2025, ಭಾನುವಾರ

ಇವತ್ತು ಜ್ಞಾನೇಶ ಬಂದಿದ್ದ. ನನ್ನ ಹೆಂಡತಿಯ ತಮ್ಮ. ಅವಳ ತಿಥಿ ಮುಗಿದ ಮೇಲೆ ಈ ಮನೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಬಾಗಿಲಲ್ಲೇ ನಿಂತು, "ಏನ್ ಭಾವ, ಹಿಂಗೆ ಇಳಿದೋಗ್ಬುಟ್ಟಿದ್ದೀರಾ! ಊಟ ಗೀಟ ಮಾಡ್ತೀರೋ ಇಲ್ವೋ?" ಅಂದು ನಕ್ಕ. ಕೊಬ್ಬರಿ ವ್ಯಾಪಾರ ಮಾಡಿ ಮಾಡಿ ಅವನ ನಗುವಿಗೂ ಎಣ್ಣೆಯ ಪಸೆ ಹತ್ತಿದೆ.

ಕೂತವನೇ ಮೊಬೈಲು ತೆಗೆದ. ಬಿಳಿಗೆರೆಯ ತೋಟದಲ್ಲಿ ಹೊಸ ಮನೆ ಕಟ್ಟಿಸುತ್ತಾನಂತೆ. ಎಂಥದ್ದು ಅಂದರೆ, ಎರಡು ವರ್ಷದ ಹಿಂದೆ ವ್ಯಾಪಾರಸ್ಥರ ಗುಂಪಿನ ಜೊತೆ ಟರ್ಕಿಗೆ ಹೋಗಿದ್ದನಲ್ಲ, ಅಲ್ಲಿ ಇಸ್ತಾನ್‌ಬುಲ್ಲಿನಲ್ಲಿ ನೋಡಿದ ಅರಮನೆಯ ಹಾಗೆ.

"ರಾಜನ ಹೆಂಗಸ್ರು ಇದ್ದ ಭಾಗ ಭಾವ. ಹಾರೆಮ್ಮು ಅಂತಾರೆ. ಮುನ್ನೂರು ರೂಮಂತೆ! ನಮಗೆ ಆರು ಸಾಕು ಬುಡಿ. ಆದ್ರೆ ನೀಲಿ ಟೈಲ್ಸು, ಗುಮ್ಮಟ, ಜಾಲಿ ಕಿಟಕಿ, ಎಲ್ಲ ಹಂಗೇ ಬರ್ಬೇಕು. ನಲವತ್ತು ವರ್ಷ ಸರ್ಕಾರಿ ಆಫೀಸಲ್ಲಿ ನಕ್ಷೆ ಬರೆದೋರು ನೀವು. ಪ್ಲಾನ್ ನಿಮ್ದೇ ಆಗ್ಬೇಕು."

ಫೋಟೊ ತೋರಿಸಿದ. ನನಗೆ ತೋರಿಸಬೇಕಾಗಿರಲಿಲ್ಲ. ಆ ಫೋಟೊ ನನಗೆ ಬಾಯಿಪಾಠ. ನೀಲಿ ಹಂಚಿನ ಗೋಡೆ, ಅದರ ಮುಂದೆ ಹೊಟ್ಟೆ ಮುಂದಿಟ್ಟುಕೊಂಡು ಇವನು, ಎರಡು ಬೆರಳು ಮೇಲಕ್ಕೆ. 2023ರ ಮೇ ಹದಿನೆಂಟು, ಸಂಜೆ ನಾಲ್ಕು ಇಪ್ಪತ್ತಕ್ಕೆ ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಆ ಹೊತ್ತಿಗೆ ನಾನು ತೀರಿಹೋದ ಹೆಂಡತಿ ಗುರುಶಾಂತಮ್ಮನನ್ನು ಇದೇ ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದೆ. ನಮ್ಮಲ್ಲಿ ಹೋದವರನ್ನು ಕೂರಿಸಿಯೇ ಮಣ್ಣಿಗೆ ಕಳಿಸುವುದು. ಅವನಿಗೆ ಮಧ್ಯಾಹ್ನವೇ ಫೋನು ಹೋಗಿತ್ತು. "ಟಿಕೇಟ್ ಸಿಕ್ತಿಲ್ಲ ಭಾವ" ಅಂದಿದ್ದ. ಫೋಟೊ ತೆಗೆಸಿಕೊಳ್ಳಲು ಮಾತ್ರ ಜಾಗ ಸಿಕ್ಕಿತ್ತು.

ಮುತ್ತೈದೆಯಾಗಿ ಹೋದವಳಿಗೆ ಕೊನೆಯ ಸೀರೆ ತವರಿನಿಂದ ಬರಬೇಕು. ಅಣ್ಣನೋ ತಮ್ಮನೋ ತಂದು ಹೊದಿಸಬೇಕು. ಅವಳು ಗಂಡನ ಮನೆಯ ಸೀರೆಯಲ್ಲೇ ಹೋದಳು. ಬಂದ ಜನವೆಲ್ಲ ಅದನ್ನು ನೋಡಿತು.

"ಆಗ್ಲಪ್ಪ, ಮಾಡೋಣ" ಅಂದೆ.

ಐ ಶಲ್ ಡೂ ಇಟ್. ಫಸ್ಟ್ ಪರ್ಸನ್‌ಗೆ ಶಲ್ ಅಂತ ಇಂಗ್ಲಿಷ್ ಗ್ರಾಮರಿನಲ್ಲಿ ಕಲಿತದ್ದು. ಅಷ್ಟು ನೆನಪಿದೆ.

16 ಜನವರಿ, ಗುರುವಾರ

ಈ ಎರಡು ವರ್ಷದಲ್ಲಿ ನಾನು ಆ ಅರಮನೆಯ ಬಗ್ಗೆ ಓದಿದಷ್ಟು ಇನ್ನಾವುದನ್ನೂ ಓದಿಲ್ಲ. ಬಿ.ಎ. ಎರಡನೇ ವರ್ಷಕ್ಕೆ ನಿಲ್ಲಿಸಿದವನು ನಾನು, ಹಿಸ್ಟರಿ ಮೇಜರ್. ನಮ್ಮ ಮೇಷ್ಟ್ರು ಒಬ್ಬರು ಕಣ್ಣು ಮುಚ್ಚಿಕೊಂಡು ನೋಟ್ಸ್ ಹೇಳುತ್ತಿದ್ದರು: "ದಿ ಹಾರೆಮ್ ವಾಸ್ ನಾಟ್ ಎ ಗಾರ್ಡನ್ ಆಫ್ ಪ್ಲೆಷರ್, ಇಟ್ ವಾಸ್ ಎ..." ಕೊನೆಯ ಪದ ಏನೋ ಇತ್ತು. ಸ್ಕೂಲ್? ಸ್ಟೇಟ್? ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಕೇಳಿಸಿರಲಿಕ್ಕಿಲ್ಲ.

ಲೈಬ್ರರಿಯಿಂದ ಮತ್ತೆ ಆ ದಪ್ಪ ಪುಸ್ತಕ ತಂದೆ. ಹಾರೆಮ್ ಅಂದರೆ ಜನ ಏನೇನೋ ಅಂದುಕೊಂಡಿದ್ದಾರೆ. ನಕ್ಷೆ ಓದಲು ಬರುವವನಿಗೆ ಬೇರೆಯೇ ಕಾಣುತ್ತದೆ. ದೂರದೂರದಿಂದ ತಂದ ಹುಡುಗಿಯರು ಮಹಡಿಯ ಸಾಲು ಕೋಣೆಗಳಲ್ಲಿ ಮಲಗುತ್ತಿದ್ದರು. ಗಾಳಿ ಕಡಿಮೆ, ಅಂಗಳ ಇಕ್ಕಟ್ಟು, ಓಣಿಗಳು ಕತ್ತಲು. ಮನೆಯ ನಟ್ಟನಡುವೆ ಸುಲ್ತಾನನ ತಾಯಿ. ವಾಲಿದೆ ಸುಲ್ತಾನ್ ಅನ್ನುತ್ತಾರೆ. ಸುಲ್ತಾನನ ಕೋಣೆಗೂ ಹೆಂಗಸರ ಕೋಣೆಗಳಿಗೂ ಮಧ್ಯೆ ಅವಳ ವಾಸ. ಅವಳನ್ನು ತಪ್ಪಿಸಿಕೊಂಡು ಯಾರೂ ಯಾರ ಹತ್ತಿರವೂ ಹೋಗುವಂತಿರಲಿಲ್ಲ.

ಪೆನ್ಸಿಲ್ ಚೂಪು ಮಾಡುವಾಗ ಇದು ಹೊಳೆಯಿತು. ಆಮೇಲೆ ಊಟದ ನೆನಪೇ ಆಗಲಿಲ್ಲ.

ಜ್ಞಾನೇಶನ ತಾಯಿ, ಅಂದರೆ ನನ್ನ ಅತ್ತೆ ಗಿರಿಜಾಂಬಿಕಾ, ಎಂಬತ್ತಾರು ವರ್ಷ. ಸೊಂಟ ಬಿದ್ದಿದೆ, ನಾಲಿಗೆ ಬಿದ್ದಿಲ್ಲ. ಜ್ಞಾನೇಶ ಈ ಭೂಮಿಯ ಮೇಲೆ ಹೆದರುವುದು ಅವರೊಬ್ಬರಿಗೇ. ಕಿಬ್ಬನಹಳ್ಳಿ ಕ್ರಾಸಿನ ಡಾಬಾದಲ್ಲಿ ಕುಡಿದು ಬಂದರೆ ಹಿತ್ತಿಲ ಬಾಗಿಲಿಂದ ಕಳ್ಳನ ಹಾಗೆ ನುಸುಳುತ್ತಾನೆ ಎಂದು ಗುರುಶಾಂತಮ್ಮನೇ ಹೇಳಿ ನಗುತ್ತಿದ್ದಳು.

ಇನ್ನು ನುಸುಳು ನೋಡೋಣ.

2 ಫೆಬ್ರವರಿ, ಭಾನುವಾರ

ಪ್ಲಾನ್ ಮುಗಿಯಿತು. ಇಷ್ಟು ಚೊಕ್ಕ ನಕ್ಷೆ ಸರ್ವೀಸಿನಲ್ಲಿದ್ದಾಗಲೂ ಬರೆದಿರಲಿಲ್ಲ.

ನಡುವೆ ಅತ್ತೆಯ ಕೋಣೆ, ಹದಿನಾಲ್ಕು ಹದಿನಾಲ್ಕು ಅಡಿ. ಅದಕ್ಕೆ ನಾಲ್ಕು ಬಾಗಿಲು. ಒಂದು ಹಜಾರಕ್ಕೆ, ಒಂದು ಅಡಿಗೆಮನೆಗೆ, ಒಂದು ಜ್ಞಾನೇಶನ ಮಲಗುವ ಕೋಣೆಗೆ, ಒಂದು ಹಿತ್ತಿಲಿಗೆ. ಬೇರೆ ದಾರಿಯೇ ಇಲ್ಲ. ಮಂಚ ಎಲ್ಲಿರಬೇಕೆಂದೂ ಗುರುತು ಮಾಡಿದ್ದೇನೆ. ಅಲ್ಲಿ ಮಲಗಿದರೆ ನಾಲ್ಕೂ ಬಾಗಿಲು ಕಾಣುತ್ತವೆ. ಗೋಡೆಗಳಲ್ಲಿ ಜಾಲಿ. ಅರಮನೆಯಲ್ಲಿ ಸುಲ್ತಾನನ ಕೋಣೆಯ ಗೋಡೆಗೆ ನೀರು ಬೀಳುವ ಹಾಗೆ ಮಾಡಿದ್ದರಂತೆ, ಒಳಗಿನ ಮಾತು ಹೊರಗೆ ಕೇಳಿಸದಿರಲಿ ಅಂತ. ನಾನು ಆ ನೀರನ್ನು ಕೈಬಿಟ್ಟಿದ್ದೇನೆ. ಅವನ ಗೊರಕೆ, ಫೋನು, ಸುಳ್ಳು ಎಲ್ಲ ಅಮ್ಮನ ಕಿವಿಗೆ ಬೀಳಲಿ.

ಜ್ಞಾನೇಶ ನಕ್ಷೆಯನ್ನು ತಲೆಕೆಳಗೆ ಹಿಡಿದು ನೋಡಿದ. "ಗುಮ್ಮಟ ಎಲ್ಲಿ ಬತ್ತದೆ ಭಾವ?" ಅಷ್ಟೇ ಅವನ ಪ್ರಶ್ನೆ. ಬಿಲ್ಡಿಂಗಿನ ಜೀವ ಇರುವುದು ಸರ್ಕ್ಯುಲೇಶನ್ನಿನಲ್ಲಿ, ಅಂದರೆ ಮನುಷ್ಯರು ಓಡಾಡುವ ದಾರಿಯಲ್ಲಿ ಅಂತ ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಇವನಿಗೆ ಮೇಲಿನ ಟೋಪಿ ಒಂದೇ ಕಾಣುವುದು.

ಮೇಸ್ತ್ರಿ ಮಾರಯ್ಯ ಗುಮ್ಮಟದ ಚಿತ್ರ ನೋಡಿ, "ಏನ್ ಸಾ ಇದು, ಕೊಬ್ಬರಿ ಚಿಪ್ಪು ಬೋರಲು ಹಾಕ್ದಂಗದೆ!" ಅಂದ.

ಜ್ಞಾನೇಶ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಬೇರೆ ಕಾರಣಕ್ಕೆ.

11 ಫೆಬ್ರವರಿ, ಮಂಗಳವಾರ

ಸೌಂದರ್ಯ ಹುಳಿಯಾರಿನಿಂದ ಫೋನ್ ಮಾಡಿದ್ದಳು. "ಅಪ್ಪಾಜಿ, ಮಾವನ ಮನೆ ಕಟ್ಸೋಕೆ ದಿನಾ ಬಿಳಿಗೆರೆ ಬಸ್ಸು ಹತ್ತುತಿದ್ದೀರಂತೆ. ಮನಸ್ಸು ಒಂದಾಯ್ತಾ? ಒಳ್ಳೇದಾಯ್ತು ಬುಡಿ." ಹೂಂ ಅಂದೆ. ಮಗಳಿಗೆ ಎಲ್ಲವನ್ನೂ ಹೇಳಬೇಕೆಂದೇನಿಲ್ಲ.

2 ಮಾರ್ಚ್, ಭಾನುವಾರ

ಇವತ್ತು ಸುಣ್ಣ ಎಳೆದರು. ಪಾಯ ತೋಡುವ ಮೊದಲು ನಕ್ಷೆಯನ್ನು ನೆಲದ ಮೇಲೆ ಇಳಿಸುವುದು. ಗೂಟ ಹೊಡೆದು, ದಾರ ಕಟ್ಟಿ, ದಾರದ ಗುಂಟ ಸುಣ್ಣದ ಪುಡಿ ಉದುರಿಸುತ್ತಾರೆ. ತೆಂಗಿನ ಸಾಲುಗಳ ನಡುವೆ, ಕೆಮ್ಮಣ್ಣಿನ ಮೇಲೆ, ಬಿಳಿ ಗೆರೆಯ ಮನೆ. ಗೋಡೆಯಿಲ್ಲ, ಸೂರಿಲ್ಲ, ಆದರೂ ಜನ ಬಾಗಿಲಿರುವ ಕಡೆಯೇ ಒಳಗೆ ಹೋಗುತ್ತಾರೆ. ಗೆರೆ ತುಳಿದು ದಾಟುವುದಿಲ್ಲ. ನಾನು ಎಷ್ಟೋ ಸಲ ನೋಡಿದ್ದೇನೆ.

ಅತ್ತೆಯನ್ನು ಕಾರಿನಲ್ಲಿ ಕರೆತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ನಡುಕೋಣೆಯಲ್ಲಿ ಕೂರಿಸಿದರು. ನಾಲ್ಕೂ ಕಡೆ ತಲೆ ತಿರುಗಿಸಿ ನೋಡಿದರು. ಮುಖ ಅರಳಿತು.

"ಅಳಿಯಂದ್ರೆ, ಇಲ್ಲಿ ಕೂತ್ರೆ ಯಾರ್ ಎದ್ರು ಯಾರ್ ಮಲಗಿದ್ರು ಎಲ್ಲ ಕಾಣ್ತದಲ್ರೀ! ನನ್ ಮಗ್ಳು ಇದ್ದಿದ್ರೆ ಹೇಳ್ತಿದ್ದೆ, ನಿನ್ ಗಂಡಂಗೆ ಕೊನೆಗೂ ಬುದ್ಧಿ ಬಂತು ಕಣೇ ಅಂತ."

ಅಷ್ಟರಲ್ಲಿ ಜ್ಞಾನೇಶನ ಹೆಂಡತಿ ಸರ್ವಮಂಗಳ ಕೆಲಸದವರ ಕೊಡಪಾನ ತೆಗೆದು ಸೊಂಟಕ್ಕಿಟ್ಟುಕೊಂಡಳು. "ಅಡಿಗೆಮನೆ ಇದಾ ಅಣ್ಣ? ಸರಿ. ಈಗ ಬೆಳಿಗ್ಗೆ ಐದೂವರೆ. ನಾನು ಎದ್ದೆ" ಅಂದು ಮಲಗುವ ಕೋಣೆಯ ಗೆರೆಯೊಳಗಿಂದ ಹೊರಟಳು. ಆಟ ಅಂದುಕೊಂಡು ಎಲ್ಲರೂ ನಕ್ಕರು.

ಹಿತ್ತಿಲಿಗೆ ಹೋಗಲು ಅತ್ತೆಯ ಕೋಣೆ ದಾಟಿದಳು.

"ಎಲ್ಲಿಗೆ?" ಅಂದರು ಅತ್ತೆ.

"ಬಚ್ಚಲಿಗೆ ಅತ್ತೆ."

ತಿರುಗಿ ಬಂದಳು. ಅಡಿಗೆಮನೆಗೆ ಹೋಗಲು ಮತ್ತೆ ಅದೇ ಕೋಣೆ. ಕಾಫಿ ಕೊಡಲು ಹಜಾರಕ್ಕೆ ಅದೇ ಕೋಣೆ. ಹಾಸಿಗೆ ಮಡಿಸಲು, ಬಟ್ಟೆ ಒಣಗಿಸಲು, ಕರಿಬೇವು ಕೀಳಲು ಅದೇ ಕೋಣೆ.

"ಮತ್ತೆಲ್ಲಿಗೆ?"

"ಕರಿಬೇವಿಗೆ."

"ಈಗ್ತಾನೆ ಹೋಗಿದ್ಯಲ್ಲ, ಆವಾಗ್ಲೇ ತರಕ್ಕೆ ಏನಾಗಿತ್ತು?"

ಅತ್ತೆಗೆ ಅದು ಆಟವಾಗಿ ಉಳಿದಿರಲಿಲ್ಲ. ಸೊಸೆಯೂ ನಗುವುದನ್ನು ನಿಲ್ಲಿಸಿದ್ದಳು. ಜ್ಞಾನೇಶ ತೋಟದ ಬದುವಿನಲ್ಲಿ ನಿಂತು ಯಾರಿಗೋ ಫೋನಿನಲ್ಲಿ ಕೊಬ್ಬರಿ ದರ ಹೇಳುತ್ತಿದ್ದ. ಮಾರಯ್ಯ ದಾರ ಸುತ್ತುವುದನ್ನು ಬಿಟ್ಟು ನೋಡುತ್ತಾ ನಿಂತ.

ಕೊಡಪಾನ ಇಳಿಸಿ ಅವಳು ನಾನಿದ್ದ ಮರದ ಕೆಳಗೆ ಬಂದಳು. ಮೆಲ್ಲಗೆ ಮಾತಾಡಿದಳು.

"ಅಣ್ಣ, ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತಾರು ಸಲ ಆಯ್ತು. ನಮ್ಮನೆಯವರು ಬೆಳಿಗ್ಗೆ ಆರಕ್ಕೆ ಹೋಗ್ತಾರೆ, ರಾತ್ರಿ ಬತ್ತಾರೆ. ಅವರಿಗೆ ಎರಡೇ ಸಲ. ನಾನು ಪಿಯುಸಿ ಫೇಲು, ಆದ್ರೂ ನಕ್ಷೆ ಓದಕ್ಕೆ ಬತ್ತದೆ. ನೀವು ಇದನ್ನ ಗೊತ್ತಿಲ್ದೆ ಮಾಡಿಲ್ಲ."

ನಾನು ನಕ್ಷೆಯನ್ನು ಸುರುಳಿ ಸುತ್ತತೊಡಗಿದೆ.

"ಅವರ ಮೇಲೆ ನಿಮಗೆ ಸಿಟ್ಟಿದೆ. ಇರ್ಲಿ, ನನಗೂ ಇದೆ. ಅತ್ತಿಗೆ ಹೋದ ದಿನ ನಾನು ತಿಪಟೂರಲ್ಲಿ ಸೀರೆ ತಗೊಂಡು ಒಬ್ಳೇ ಬಸ್ಸಲ್ಲಿ ಬಂದೆ. ತಮ್ಮ ತರ್ಬೇಕು, ಅವನ ಹೆಂಡ್ತಿ ತಂದದ್ದು ಬ್ಯಾಡ ಅಂತ ಬಾಗಿಲಲ್ಲೇ ವಾಪಸ್ ಕೊಟ್ರಿ. ನಾನು ಏನಾರ ಅಂದ್ನಾ? ಈಗ ಈ ಮನೇನೂ ನನ್ ಮೇಲೇ ಕಟ್ತಿದ್ದೀರಲ್ಲ ಅಣ್ಣ. ಒಂದ್ ಗಳಿಗೆ ಕೂತು ಅಳಕ್ಕೂ ಇದ್ರಲ್ಲಿ ನನಗೆ ಜಾಗ ಇಲ್ಲ."

ಅಷ್ಟು ಹೇಳಿ ಹೋಗಿ ಅತ್ತೆಗೆ ಮಜ್ಜಿಗೆ ಬಗ್ಗಿಸಿಕೊಟ್ಟಳು.

3 ಮಾರ್ಚ್

ಸೀರೆ ತಂದಿದ್ದಳು. ಹೌದು. ಹಸಿರು, ಕೆಂಪು ಅಂಚು. ಅದನ್ನು ಇಲ್ಲಿ ಬರೆದಿರಲಿಲ್ಲ. ಬರೆಯುವಂಥದ್ದು ಅಂತ ಅನ್ನಿಸಿರಲಿಲ್ಲ.

6 ಮಾರ್ಚ್, ಗುರುವಾರ

ಮಾರಯ್ಯನಿಗೆ ಕೆಲಸ ನಿಲ್ಲಿಸಲು ಹೇಳಿದ್ದೇನೆ. ನೆಲ ಸಡಿಲ ಇದೆ, ಪ್ಲಾನ್ ಸ್ವಲ್ಪ ತಿದ್ದಬೇಕು ಎಂದು ಜ್ಞಾನೇಶನಿಗೆ ಸುಳ್ಳು ಹೇಳಿದೆ. ಅವನು ನಂಬಿದ. ಅವನು ಎಲ್ಲವನ್ನೂ ನಂಬುತ್ತಾನೆ, ಅದೇ ಅವನ ಮೇಲೆ ಇನ್ನಷ್ಟು ಸಿಟ್ಟು ತರಿಸುವುದು.

ನನ್ನ ಮನಸ್ಸು ಬದಲಾಗಿದೆ ಎಂದಲ್ಲ. ಗುರಿ ತಪ್ಪಿತ್ತು, ಅಷ್ಟೇ. ಬಿಟ್ಟ ಬಾಣ ಇವನ ಪಕ್ಕದಲ್ಲಿ ಹಾದುಹೋಗಿ ಅವಳಿಗೆ ನಾಟುವಂತಿತ್ತು. ಡ್ರಾಫ್ಟ್ಸ್‌ಮನ್ ಆದವನು ಇಂಥ ಎರರ್ ಮಾಡಬಾರದು.

ಪುಸ್ತಕದಲ್ಲೂ ಅದು ಇತ್ತು, ನಾನೇ ಸರಿಯಾಗಿ ಓದಿರಲಿಲ್ಲ. ಸುಲ್ತಾನ ಒಳಗೆ ಬರುತ್ತಿದ್ದದ್ದು ಅಪರೂಪ. ಆ ಕತ್ತಲ ಓಣಿಗಳಲ್ಲಿ ಸವೆದದ್ದು ಹೆಂಗಸರ ಕಾಲು.

14 ಮಾರ್ಚ್, ಶುಕ್ರವಾರ

ಸಿಕ್ಕಿತು. ಮೊದಲನೆಯದಕ್ಕಿಂತ ನೂರು ಪಾಲು ಹದವಾದದ್ದು.

ಅರಮನೆಯಲ್ಲಿ ಪಂಜರ ಎಂಬ ಭಾಗವಿತ್ತು. ಹಿಂದೆ ಹೊಸ ಸುಲ್ತಾನ ಪಟ್ಟಕ್ಕೆ ಬಂದರೆ ತಮ್ಮಂದಿರನ್ನು ಕೊಲ್ಲಿಸುತ್ತಿದ್ದ. ಆಮೇಲಾಮೇಲೆ ಕೊಲ್ಲುವುದನ್ನು ಬಿಟ್ಟು ಒಳಗೆ ಕೂಡಿಡತೊಡಗಿದರು. ಬಣ್ಣದ ಹಂಚು, ಗುಮ್ಮಟ, ಚಿತ್ತಾರ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಅಲ್ಲಿಗೆ ಯಾರೂ ಸುಮ್ಮನೆ ಹೋಗುವ ಹಾಗಿರಲಿಲ್ಲ. ಕೆಲವರು ಅಲ್ಲೇ ಮುದುಕರಾದರು.

ತಮ್ಮಂದಿರ ಕೋಣೆ. ಗುರುಶಾಂತಮ್ಮನ ತಮ್ಮನಿಗೆ ಇದಕ್ಕಿಂತ ಒಪ್ಪುವುದು ಯಾವುದಿದೆ?

ಹೊಸ ನಕ್ಷೆ ಹೀಗೆ: ಜ್ಞಾನೇಶನಿಗೆ ದಕ್ಷಿಣದ ತುದಿಯಲ್ಲಿ ದೊಡ್ಡ ಕೋಣೆ. ಗುಮ್ಮಟ ಅದರ ಮೇಲೆಯೇ. ನೀಲಿ ಟೈಲ್ಸ್ ಅದಕ್ಕೇ. ಒಂದೇ ಬಾಗಿಲು, ಅದೂ ನೇರ ವರಾಂಡಕ್ಕೆ. ಯಾರೂ ಯಾವ ಕೆಲಸಕ್ಕೂ ಅವನ ಕೋಣೆಯ ಮುಂದೆ ಹಾದುಹೋಗಬೇಕಾಗಿಲ್ಲ. ಕಾಫಿಯ ವಾಸನೆಯೂ ಅಲ್ಲಿಗೆ ಬರದು. ತನ್ನನ್ನು ಬಿಟ್ಟು ಮನೆ ನಡೆಯುವುದನ್ನು ಅವನು ಬದುಕಿರುವವರೆಗೂ ನೋಡಲಿ. ಅಥವಾ ನೋಡಲೂ ಆಗದಿರಲಿ.

ಇತ್ತ ಅತ್ತೆಗೆ ಪೂರ್ವದ ಕೋಣೆ, ತೋಟಕ್ಕೆ ತೆರೆಯುವ ಅಗಲ ಬಾಗಿಲು, ಬೆಳಗಿನ ಬಿಸಿಲು ಮಂಚದ ತನಕ. ಸರ್ವಮಂಗಳನಿಗೆ ಅಡಿಗೆಮನೆಯ ಪಕ್ಕ ಒಂದು ಸಣ್ಣ ಕೋಣೆ, ಅವಳೊಬ್ಬಳಿಗೇ. ಒಳಗಿನಿಂದ ಚಿಲಕ. ಅದರ ಹೊರಗೋಡೆಗೆ ನೀರಿನ ತೊಟ್ಟಿ, ಮೇಲಿನಿಂದ ಸಣ್ಣಗೆ ನೀರು ಬೀಳುವ ಹಾಗೆ. ಒಳಗೆ ಯಾರು ಏನು ಮಾಡಿದರೂ ಹೊರಗೆ ನೀರಿನ ಸದ್ದೇ ಕೇಳಿಸುವುದು.

ಇವೆಲ್ಲ ಅವನ ಪಂಜರಕ್ಕೆ ಜಾಗ ಹೊಂದಿಸಲು ಮಾಡಿದ್ದು. ತೊಟ್ಟಿಯ ಎತ್ತರ ಮಾತ್ರ ನಾಲ್ಕು ಸಲ ತಿದ್ದಿದೆ.

23 ಮಾರ್ಚ್, ಭಾನುವಾರ

ಮತ್ತೆ ಸುಣ್ಣ ಎಳೆದರು. ಸರ್ವಮಂಗಳ ತನ್ನ ಕೋಣೆಯ ಗೆರೆಯೊಳಗೆ ಹೋಗಿ, ನೆಲದ ಮೇಲೆ ಕೂತಳು. ಐದು ನಿಮಿಷ ಎದ್ದೇಳಲಿಲ್ಲ. ನಾನು ಬೇರೆ ಕಡೆ ನೋಡಿದೆ.

ಅತ್ತೆಗೆ ಸ್ವಲ್ಪ ಅಸಮಾಧಾನ. "ಮೊದಲ್ನೇದೇ ಚೆನ್ನಾಗಿತ್ತು ಬುಡಿ. ಇಲ್ಲಿ ಬರೀ ತೆಂಗಿನ್ ಮರ ಕಾಣ್ತದೆ."

ಜ್ಞಾನೇಶ ತನ್ನ ಕೋಣೆಯಲ್ಲಿ ಒಂದು ಸುತ್ತು ಹಾಕಿದ. "ಭಾವ! ಇಷ್ಟು ದೊಡ್ಡದಾ ನನಗೆ!" ಅಂದು ಕುಣಿದ. ಕುರ್ಚಿ ತರಿಸಿ ನಡುವೆ ಹಾಕಿಸಿಕೊಂಡು ಕೂತ. ಫೋನು ತೆಗೆದ, ಸಿಗ್ನಲ್ ಇರಲಿಲ್ಲ. ಆಚೆ ಅಡಿಗೆಮನೆಯ ಗೆರೆಯ ಹತ್ತಿರ ಅತ್ತೆ, ಸೊಸೆ, ಮಾರಯ್ಯ ಏನೋ ಮಾತಾಡಿ ನಗುತ್ತಿದ್ದರು. ಅವನು ಆ ಕಡೆ ಕತ್ತು ಚಾಚಿದ.

"ಏನಂತೆ ಭಾವ?"

"ಏನೋಪ್ಪ. ಇಲ್ಲಿಗೆ ಕೇಳ್ಸಲ್ಲ."

ಎದ್ದು ಉತ್ತರದ ಗೆರೆಯ ಹತ್ತಿರ ಬಂದ. ಆಮೇಲೆ, "ಅಮ್ಮನ ಕಡೆ ಈ ಉತ್ತರದ ಗೋಡೆಗೆ ಒಂದ್ ಬಾಗಿಲು ಇಟ್ಬುಡಿ ಭಾವ. ಅವರು ಕೂಗಿದ್ರೆ ಗೊತ್ತಾಗ್ಬೇಕಲ್ಲ."

"ಆಗಲ್ಲ ಕಣಪ್ಪ. ಗುಮ್ಮಟದ ಭಾರ ಆ ಗೋಡೆ ಮೇಲೇ ಕೂರ್ತದೆ" ಅಂದೆ.

ಸುಳ್ಳು. ಸುಖವಾಯಿತು. ಬಸ್ಸಿನಲ್ಲಿ ಬರುವಾಗ ಪೂರ್ತಿ ದಾರಿ ಸುಖವಾಗಿಯೇ ಇತ್ತು.

9 ಏಪ್ರಿಲ್, ಬುಧವಾರ

ಜ್ಞಾನೇಶ ದಿನಾ ಮನೆಗೆ ಬರುತ್ತಾನೆ. ಮಂಡಿ ಮುಗಿಸಿ ಸಂಜೆ ಐದಕ್ಕೆ ಕಾರು ನಿಲ್ಲುತ್ತದೆ. "ಬಾಗಿಲಿನ ವಿಷಯ ಏನ್ ಮಾಡಿದ್ರಿ ಭಾವ?" ನಾನು ಕಾಲಂ, ಬೀಮು, ಲೋಡು ಅಂತ ಅರ್ಧ ಇಂಗ್ಲಿಷಿನಲ್ಲಿ ಹೆದರಿಸುತ್ತೇನೆ. ಕಾಫಿ ಕುಡಿದು ಹೋಗುತ್ತಾನೆ. ಬೇಡುವವನನ್ನು ದಿನಾ ಬೇಡಿಸುವುದರಲ್ಲಿ ಒಂದು ಹದವಿದೆ, ಒಂದೇ ಸಲಕ್ಕೆ ಇಲ್ಲ ಅಂದುಬಿಟ್ಟರೆ ಅದು ಸಿಗುವುದಿಲ್ಲ.

ಹಾಲು ಅರ್ಧ ಲೀಟರು ಜಾಸ್ತಿ ಹಾಕಲು ಹೇಳಿದ್ದೇನೆ.

24 ಏಪ್ರಿಲ್, ಗುರುವಾರ

ನಿನ್ನೆ ಬರಲಿಲ್ಲ. ಐದೂವರೆವರೆಗೆ ನೋಡಿ, ಕಾಫಿ ಸೊಪ್ಪಿನ ಮಡಿಗೆ ಚೆಲ್ಲಿದೆ. ಇವತ್ತು ಬಂದ. "ಎಲ್ಲಿ ಹಾಳಾಗೋಗಿದ್ದೆ?" ಅಂದೆ. ಅರಸೀಕೆರೆಗೆ ಲೋಡು ಹೋಗಿತ್ತಂತೆ. ಬರುವಾಗ ಅಲ್ಲಿಂದ ನನಗೆ ಬಿಸಿ ಉದ್ದಿನ ವಡೆ ಕಟ್ಟಿಸಿಕೊಂಡು ಬಂದಿದ್ದ. ಆರಿತ್ತು. ಬಿಸಿ ಅಂತ ಅವನು ಹೇಳಿದ, ಅಷ್ಟೇ.

ವಡೆಗೆಲ್ಲ ಕರಗುವವನಲ್ಲ ನಾನು.

11 ಮೇ, ಭಾನುವಾರ

ಬೆಳಿಗ್ಗೆ ಮಾರಯ್ಯನ ಫೋನು. "ಸಾ, ನಾಳೆಯಿಂದ ಉತ್ತರದ ಗೋಡೆ ಎಬ್ಬುಸ್ತೀವಿ. ಬಾಗಿಲಿಗೆ ಸಂದು ಬುಡ್ಬೇಕಾ ಬ್ಯಾಡ್ವಾ? ಯಜಮಾನ್ರು ಬುಡು ಅಂತಾರೆ, ನೀವು ಬ್ಯಾಡ ಅಂತೀರಾ. ಕಟ್ಟಿದ್ ಮೇಲೆ ಒಡೆಯಕ್ಕೆ ನಾನು ಬರಲ್ಲ."

ಬಿಡಬೇಡ ಅಂದೆ.

ಜ್ಞಾನೇಶ ಇವತ್ತು ಮಧ್ಯಾಹ್ನವೇ ಬಂದ. ಬಾಗಿಲಿನ ಮಾತೆತ್ತಲಿಲ್ಲ. ನಡುಮನೆಯಲ್ಲಿ, ಅವಳನ್ನು ಕೂರಿಸಿದ್ದ ಗೋಡೆಗೇ ಒರಗಿ ಕೂತ. ಅದು ಯಾವ ಗೋಡೆ ಎಂದು ಅವನಿಗೆ ಗೊತ್ತಿಲ್ಲ, ಅವನು ಆವತ್ತು ಇರಲಿಲ್ಲವಲ್ಲ. ಕಾಲಿನ ಉಗುರು ನೋಡುತ್ತಾ, "ಭಾವ, ಒಂದ್ ಮಾತ್ ಕೇಳ್ಲಾ? ಬೈಬೇಡಿ" ಅಂದ.

"ಏನು?"

"ಅಕ್ಕ... ಕೊನೇಲಿ ನನ್ನ ಕೇಳಿದ್ಲಾ?"

ಎರಡು ವರ್ಷದಿಂದ ಈ ಪ್ರಶ್ನೆಗೆ ಕಾದಿದ್ದೆ. ಅವನು ಇದನ್ನು ಕೇಳಿಯೇ ಇರಲಿಲ್ಲ. ಹೇಗೆ ಹೋದಳು, ಎಷ್ಟು ಹೊತ್ತಿಗೆ ಹೋದಳು, ಏನನ್ನೂ ಕೇಳಿರಲಿಲ್ಲ. ಉತ್ತರವನ್ನು ಮಸೆದು ಮಸೆದು ಇಟ್ಟಿದ್ದೆ. ಅವಳು ಕೇಳಿದ್ದಳು. ಮೂರು ದಿನ, ಕಣ್ಣು ಬಿಟ್ಟಾಗಲೆಲ್ಲ, "ಜ್ಞಾನಿ ಬಂದ್ನಾ?" ದಾರಿಯಲ್ಲಿದ್ದಾನೆ ಎಂದು ನಾನು ಅನ್ನುತ್ತಿದ್ದೆ. ಕೊನೆಯ ಬೆಳಿಗ್ಗೆ ನೀರು ಬೇಡವೆಂದು ತಲೆಯಾಡಿಸಿ, ಬಾಗಿಲ ಕಡೆ ಮುಖ ಮಾಡಿ ಮಲಗಿದಳು. ಇಷ್ಟು ಹೇಳಿದ್ದರೆ ಸಾಕಿತ್ತು. ಪಂಜರ ಗಿಂಜರ ಏನೂ ಬೇಕಾಗಿರಲಿಲ್ಲ. ಎಲ್ಲಿ ಹೋದರೂ ಅದು ಅವನ ಜೊತೆಗೇ ಹೋಗುತ್ತಿತ್ತು.

"ಇಲ್ಲ ಕಣಪ್ಪ" ಅಂದೆ. "ನಿದ್ದೇಲೇ ಇದ್ಲು. ಯಾರನ್ನೂ ಕೇಳ್ಲಿಲ್ಲ."

ಅವನು ತಲೆಯಾಡಿಸಿದ. ಟವೆಲಿನಿಂದ ಮುಖ ಒರೆಸಿಕೊಂಡ. "ನಿದ್ದೇಲಿದ್ರೆ ಸರಿ" ಅಂದ. ಕಾಫಿ ಬೇಡ ಅಂದು ಎದ್ದು ಹೋದ.

ಹಾಗೆ ಯಾಕಂದೆ ಎಂದು ಸಂಜೆಯಿಂದ ಯೋಚಿಸುತ್ತಿದ್ದೇನೆ. ಕಾರಣ ಸ್ಪಷ್ಟವಿದೆ. ಅವಳು ಕೇಳಿದ್ದು ನನ್ನ ಹತ್ತಿರ. ಅದು ನನ್ನದು. ಅಕ್ಕ ಅವನ ಹೆಸರು ಹಿಡಿದು ಕೂಗಿದಳು ಎಂಬ ಆಸ್ತಿಯನ್ನು ಅವನಿಗೆ ಯಾಕೆ ಕೊಡಲಿ? ಕೊಡುವುದಿಲ್ಲ. ದಿಸ್ ಈಸ್ ಮೈ ರಿವೆಂಜ್, ಫುಲ್ ಅಂಡ್ ಫೈನಲ್.

ಆಮೇಲೆ ಮಾರಯ್ಯನಿಗೆ ಫೋನ್ ಮಾಡಿ, ಉತ್ತರದ ಗೋಡೆಯಲ್ಲಿ ಮೂರೂವರೆ ಅಡಿ ಸಂದು ಬಿಡಲು ಹೇಳಿದೆ.

"ಮೂರು ಸಾಲ್ದಾ ಸಾ?"

"ಅತ್ತೆ ಇನ್ನು ನಡೆಯೋ ಹಂಗಿಲ್ಲ ಮಾರಯ್ಯ. ಗಾಲಿಕುರ್ಚಿ ದಾಟ್ಬೇಕು."

"ಗುಮ್ಮಟದ ಭಾರ ಅಂತಿದ್ರಿ?"

"ಅದು ನಾನ್ ನೋಡ್ಕತೀನಿ. ನೀನು ಹೇಳಿದ್ದು ಮಾಡು. ಚಿಲಕ ಮಾತ್ರ ಅವರಮ್ಮನ ಕಡೆಗಿರ್ಲಿ."